ರೀಫಂಡ್ ಒತ್ತುವ ಮುಂಚೆ ಒಂದು ಮಾತು ಹೇಳಬಾರದೇ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಜನವರಿಯಲ್ಲಿ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆವು. ಅಮ್ಮನಿಗೆ 74 ವರ್ಷ. ವಿಶ್ವನಾಥನ ದರ್ಶನ, ದಶಾಶ್ವಮೇಧ ಘಾಟಿನ ಆರತಿ, ದೋಣಿ ಸುತ್ತಾಟ ಎಲ್ಲ ಚೆನ್ನಾಗಿಯೇ ಆಯಿತು. ತೊಂದರೆ ಶುರುವಾಗಿದ್ದು ವಾಪಸ್ ಬರುವ ದಿನ, ಕಾಶಿಯ ಬಾಬತ್‌ಪುರ ವಿಮಾನ ನಿಲ್ದಾಣದಲ್ಲಿ.

ನಮ್ಮ ಬೆಂಗಳೂರು ವಿಮಾನ ರಾತ್ರಿ 8.40ಕ್ಕೆ. ಮಾರನೇ ದಿನ ಬೆಳಿಗ್ಗೆ 6ರ ಜನಶತಾಬ್ದಿಗೆ ದಾವಣಗೆರೆಗೆ ಟಿಕೆಟ್ ಮಾಡಿಸಿದ್ದೆ. ಸಂಜೆಯಿಂದ ಮೊಬೈಲಿಗೆ ಸಂದೇಶಗಳು ಬರತೊಡಗಿದವು. ಮೊದಲು 9.30 ಅಂದರು. ಆಮೇಲೆ 10.15. ಆಮೇಲೆ 11. ಹೀಗೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಹಾಕುತ್ತಾ ಹೋದರೆ ಜನ ಕುರ್ಚಿ ಬಿಟ್ಟು ಏಳುವ ಹಾಗೂ ಇಲ್ಲ, ಊಟಕ್ಕೆ ಹೋಗುವ ಹಾಗೂ ಇಲ್ಲ. ರಾತ್ರಿ 11.40ಕ್ಕೆ, ಮಂಜಿನಿಂದಾಗಿ ವಿಮಾನ ರದ್ದು ಎಂದರು. ಅಷ್ಟು ಹೊತ್ತಿಗೆ ಒಳಗಿನ ಅಂಗಡಿಗಳೆಲ್ಲ ಮುಚ್ಚಿದ್ದವು.

ಮಂಜಿಗೆ ಯಾರೂ ಹೊಣೆಯಲ್ಲ. ಚಳಿಗಾಲದಲ್ಲಿ ಉತ್ತರ ಭಾರತದ ಬಯಲಿನಲ್ಲಿ ಮಂಜು ಕವಿಯುವುದು ಹೊಸದೂ ಅಲ್ಲ. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಊರು ಸುತ್ತುತ್ತದೆ. ಬೆಳಿಗ್ಗೆ ದೆಹಲಿಯಲ್ಲಿ ತಡವಾದರೆ ರಾತ್ರಿ ಕಾಶಿಯಲ್ಲೂ ತಡ. ಪೈಲಟ್‌ಗಳ ಡ್ಯೂಟಿ ಅವಧಿ ಮುಗಿದರೆ ಅವರು ಹಾರಿಸುವಂತೆಯೂ ಇಲ್ಲ. ಅದು ಇರಬೇಕಾದ ನಿಯಮವೇ. ನನ್ನ ನೋವು ಆಮೇಲೆ ನಡೆದದ್ದರ ಬಗ್ಗೆ.

ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಚೆಕ್-ಇನ್ ಮಾಡಿದ ಸೂಟ್‌ಕೇಸಿನಲ್ಲಿತ್ತು. ಅದು ನನ್ನ ತಪ್ಪು, ದಯವಿಟ್ಟು ಬೇರೆ ಯಾರೂ ಮಾಡಬೇಡಿ. ಕೈಚೀಲದಲ್ಲಿದ್ದ ಅವಲಕ್ಕಿ, ನಾಲ್ಕು ಕೋಡುಬಳೆಯಲ್ಲೇ ಅಮ್ಮ ಆ ರಾತ್ರಿ ಕಳೆದರು. ಸೂಟ್‌ಕೇಸು ವಾಪಸ್ ಕೈಗೆ ಬಂದಾಗ 1 ಗಂಟೆ ದಾಟಿತ್ತು. ನಾನು ಬಟ್ಟೆಯೆಲ್ಲ ಕಿತ್ತು ಮಾತ್ರೆ ಹುಡುಕುತ್ತಿದ್ದರೆ ಅಮ್ಮ, "ಗಂಗಾಜಲದ ಗಿಂಡಿ ಸೋರಿದೆಯೇನೋ ನೋಡೋ ಮೊದಲು" ಅನ್ನುತ್ತಿದ್ದರು. ಟವೆಲ್ಲಿನಲ್ಲಿ ಸುತ್ತಿದ್ದ ಗಿಂಡಿ ಹಾಗೇ ಇತ್ತು.

ವಿಮಾನ ರದ್ದಾದ ಸಂದೇಶ ಇಂಗ್ಲಿಷಿನಲ್ಲಿತ್ತು. ಕೆಳಗೆ ಎರಡು ಲಿಂಕು. ಮೊದಲನೆಯದು ರೀಫಂಡ್, ಎರಡನೆಯದು ಬೇರೆ ವಿಮಾನ. ನಾನು ರೀಫಂಡ್ ಒತ್ತುವುದರಲ್ಲಿದ್ದೆ. ಪಕ್ಕದಲ್ಲಿದ್ದ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬರು ತಡೆದರು. "ಅದನ್ನ ಒತ್ತಬ್ಯಾಡ್ರಿ ಅಣ್ಣಾ. ಒತ್ತಿದ್ರ ಅವರ ಜವಾಬ್ದಾರಿ ಮುಗೀತದ. ಬ್ಯಾರೆ ವಿಮಾನ ಅವರೇ ಕೊಡಬೇಕ್ರಿ" ಅಂದರು. ಆಕೆಯ ಮೊಬೈಲಿನಲ್ಲಿ ವಿಮಾನಯಾನ ಸಚಿವಾಲಯದ ಪ್ರಯಾಣಿಕರ ಹಕ್ಕುಗಳ ಸನ್ನದು (ಚಾರ್ಟರ್) ಇತ್ತು. ಅಲ್ಲೇ ನಿಂತು ಓದಿದೆ. ವಿಮಾನ ರದ್ದಾದರೆ ಹಣ ವಾಪಸ್ ಬೇಕೋ, ಬೇರೆ ವಿಮಾನ ಬೇಕೋ ಎಂದು ಆರಿಸುವುದು ಪ್ರಯಾಣಿಕರ ಹಕ್ಕು. ಸಮಯಕ್ಕೆ ಸರಿಯಾಗಿ ಚೆಕ್-ಇನ್ ಆಗಿದ್ದರೆ, ಎರಡೂವರೆ ಗಂಟೆಯವರೆಗಿನ ಪ್ರಯಾಣಕ್ಕೆ 2 ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಅದಕ್ಕಿಂತ ಉದ್ದದ, 5 ಗಂಟೆಯೊಳಗಿನ ಪ್ರಯಾಣಕ್ಕೆ 3 ಗಂಟೆ ತಡವಾದರೆ ಕೊಡಬೇಕು. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಿದ್ದ ವಿಮಾನ 6 ಗಂಟೆಗಿಂತ ಜಾಸ್ತಿ ತಡವಾದರೆ ಹೋಟೆಲ್ ವ್ಯವಸ್ಥೆ ಮಾಡಬೇಕು.

ಕೌಂಟರಿನಲ್ಲಿ ಮೊದಲು, "ಹವಾಮಾನದ ಕಾರಣ, ನಾವೇನೂ ಕೊಡುವಂತಿಲ್ಲ" ಅಂದಿದ್ದರು. ಅದು ಅರ್ಧ ನಿಜ. ಕಂಪನಿಯ ತಪ್ಪಿನಿಂದ ಕೊನೆ ಗಳಿಗೆಯಲ್ಲಿ ರದ್ದಾದರೆ 10,000 ರೂಪಾಯಿವರೆಗೆ ಪರಿಹಾರವಿದೆ. ಮಂಜು, ಮಳೆ, ಮುಷ್ಕರಕ್ಕೆ ಆ ಹಣ ಸಿಗುವುದಿಲ್ಲ. ಆದರೆ ಊಟ, ಹೋಟೆಲಿನ ಮಾತೇ ಬೇರೆ. ಹುಬ್ಬಳ್ಳಿಯ ಆ ಹೆಣ್ಣುಮಗಳು ಮೊಬೈಲ್ ತೋರಿಸಿ ಸಮಾಧಾನದಿಂದಲೇ ಕೇಳಿದರು. ರಾತ್ರಿ 2 ಗಂಟೆಗೆ ಹೋಟೆಲಿಗೆ ಗಾಡಿ ಬಂತು, ಮಾರನೇ ದಿನ ಮಧ್ಯಾಹ್ನದ ವಿಮಾನದಲ್ಲಿ ಸೀಟೂ ಸಿಕ್ಕಿತು. ಕೌಂಟರಿನಲ್ಲಿದ್ದ ಇಬ್ಬರು ಹುಡುಗರು ನೂರೈವತ್ತು ಜನರ ಬೈಗುಳ ಕೇಳುತ್ತಾ ನಿಂತಿದ್ದರು. ಅವರನ್ನು ದೂರುವುದಿಲ್ಲ. ಅವರಿಗೂ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ ಅನಿಸಿತು. ನನ್ನ ರೈಲು ಟಿಕೆಟ್ ಹೋಯಿತು. ಅದನ್ನು ಬೇರೆಯಾಗಿ ಮಾಡಿಸಿದ್ದು, ವಿಮಾನ ಕಂಪನಿಯನ್ನು ಕೇಳುವ ಹಾಗಿಲ್ಲ.

ಆದರೆ ಅದೇ ವಿಮಾನಕ್ಕೆ ಕಾದಿದ್ದ ಹಾಸನದ ಕಡೆಯ ಹನ್ನೊಂದು ಜನರ ಕತೆ ಮರೆಯಲು ಆಗುತ್ತಿಲ್ಲ. ಹೆಚ್ಚಿನವರು ಅರವತ್ತು ದಾಟಿದವರು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದು ಅವರಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಎಲ್ಲರ ಟಿಕೆಟ್ ಜೊತೆಗಿದ್ದ ಹುಡುಗನ ಮೊಬೈಲಿನಲ್ಲಿತ್ತು. ಅವನು ಗಾಬರಿಯಲ್ಲಿ ಮೊದಲ ಲಿಂಕನ್ನೇ ಒತ್ತಿದ್ದ. "ದುಡ್ಡು ವಾಪಸ್ ಬರುತ್ತೆ, ವಿಮಾನನೂ ಕೊಡ್ತಾರೆ ಅಂದ್ಕೊಂಡೆ ಸರ್" ಅಂದ. ಮಾರನೇ ದಿನದ ಟಿಕೆಟ್ ದರ ಅವರು ಕೊಟ್ಟಿದ್ದರ ಎರಡರಷ್ಟಿತ್ತು. ಹೋಟೆಲೂ ಇಲ್ಲ. ಆ ವಯಸ್ಸಾದವರು ಶಾಲು ಹೊದ್ದು ಕಬ್ಬಿಣದ ಕುರ್ಚಿಗಳ ಮೇಲೆ ಬೆಳಗು ಮಾಡಿದರು. ಕೊನೆಗೆ ಸಂಘಮಿತ್ರ ಎಕ್ಸ್‌ಪ್ರೆಸ್ ಹಿಡಿದರು. ಎರಡು ದಿನದ ಪ್ರಯಾಣ, ಅದರಲ್ಲೂ ಅರ್ಧ ಜನಕ್ಕೆ ಮಾತ್ರ ಬರ್ತ್.

ನಿಯಮ ಚೆನ್ನಾಗಿಯೇ ಇದೆ. ಅದು ಗೊತ್ತಿರುವವರಿಗೆ ಮಾತ್ರ ಸಿಗುತ್ತಿದೆ, ಅದೇ ಸಂಕಟ. ಬೆಂಗಳೂರಿಗೆ ಹೊರಟ ವಿಮಾನದ ಸಂದೇಶ ಕನ್ನಡದಲ್ಲೂ ಬರುವಂತೆ ಮಾಡುವುದು ಅಷ್ಟು ಕಷ್ಟವೇ? ಟಿಕೆಟ್ ಮಾಡುವಾಗಲೇ ಯಾವ ಭಾಷೆ ಬೇಕು ಎಂದು ಕೇಳಲಿ. "ರೀಫಂಡ್ ಪಡೆದರೆ ಬೇರೆ ವಿಮಾನ ಸಿಗುವುದಿಲ್ಲ" ಎಂಬ ಒಂದು ಸಾಲು ಲಿಂಕಿನ ಮೇಲೆ ಇರಲಿ. ವಿಮಾನ ತಡವಾದಾಗ ಪ್ರಯಾಣಿಕರಿಗೆ ಏನೇನು ಸಿಗಬೇಕು ಎಂದು ಬೋರ್ಡಿಂಗ್ ಗೇಟಿನ ಬಳಿಯೇ ದೊಡ್ಡದಾಗಿ ಬರೆದು ಹಾಕಲಿ. ವಿಮಾನಯಾನ ಸಚಿವಾಲಯ ಮತ್ತು ವಿಮಾನ ಕಂಪನಿಗಳಿಗೆ ನಿಯಮ ಮಾಡುವ ಡಿಜಿಸಿಎ ಇಷ್ಟನ್ನು ಕಡ್ಡಾಯ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಕಾಶಿಗೆ ನಮ್ಮ ರಾಜ್ಯದಿಂದ ಹೋಗುವವರಲ್ಲಿ ವಯಸ್ಸಾದವರು ಎಷ್ಟು ಜನ, ಎಲ್ಲರಿಗೂ ಗೊತ್ತಿರುವುದೇ ಅಲ್ವಾ?

ಹಾಸನದ ಆ ಹುಡುಗನ ನಂಬರ್ ತೆಗೆದುಕೊಂಡಿದ್ದೆ. ಬೋರ್ಡಿಂಗ್ ಪಾಸ್, ರದ್ದಾದ ಸಂದೇಶ, ರೈಲು ಟಿಕೆಟ್ ಎಲ್ಲದರ ಫೋಟೋ ಹಾಕಿ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದೂರು ಕೊಡಲು ಹೇಳಿದ್ದೇನೆ. ಅಲ್ಲಿ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ದೂರು ಬರೆಯಲು ಮುಂದಿನ ಭಾನುವಾರ ಅವನು ನಮ್ಮ ಮನೆಗೇ ಬರುತ್ತಿದ್ದಾನೆ.

ಇಂತಿ,
ನಿಮ್ಮ ಓದುಗ
ದಾವಣಗೆರೆ