ಇನ್ಮೇಲೆ ಲೀಕ್ ನೋಡದೆ ಕಾರಿನ ಎಸಿಗೆ ಗ್ಯಾಸ್ ತುಂಬುವುದಿಲ್ಲ

ಪ್ರೀತಿಯ ಗ್ರಾಹಕರೇ,

ಈ ತಿಂಗಳಿಂದ ನಮ್ಮಲ್ಲಿ ‘ಸುಮ್ನೆ ಸ್ವಲ್ಪ ಗ್ಯಾಸ್ ಹಾಕಿ ಕೊಡಿ’ ಎನ್ನುವ ಕೆಲಸ ನಿಲ್ಲಿಸಿದ್ದೇವೆ. ಮೊದಲು ಲೀಕ್ ಚೆಕ್, ಆಮೇಲೆ ರಿಪೇರಿ, ಕೊನೆಗೆ ಗ್ಯಾಸ್. ಉಳಿದ ಹಳೇ ಗ್ಯಾಸನ್ನು ಗಾಳಿಗೆ ಬಿಡದೆ ಮಶೀನಿಗೆ ಎಳೆದುಕೊಳ್ಳುತ್ತೇವೆ. ಗಾಡಿ ಅರ್ಧ ದಿನ ನಮ್ಮಲ್ಲೇ ಇರಬೇಕಾಗುತ್ತದೆ. ಬಿಲ್ಲೂ ಜಾಸ್ತಿ. ತೊಂದರೆಗೆ ಕ್ಷಮೆ ಇರಲಿ.

‘ಪರಿಸರದ ಹೆಸರು ಹೇಳಿ ದುಡ್ಡು ಮಾಡ್ತಿದ್ದೀರಿ, ಬೇರೆ ಕಡೆ ಹತ್ತು ನಿಮಿಷದಲ್ಲಿ ತುಂಬಿಸಿ ಕೊಡ್ತಾರೆ.’ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಳೆದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲ ಅಂದರೆ ಎಲ್ಲೋ ಸೋರಿದೆ. ನಮ್ಮ ಮಂಗಳೂರಿನ ಉಪ್ಪುಗಾಳಿಗೆ ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ ಭಾಗ) ತುಕ್ಕು ಹಿಡಿದು ತೂತಾಗುವುದನ್ನು ನಾವು ದಿನಾ ನೋಡುತ್ತೇವೆ. ಪೈಪ್ ಜೋಡಣೆಯ ರಬ್ಬರ್ ಓ-ರಿಂಗ್ ಒಣಗುತ್ತದೆ, ಗ್ಯಾಸ್ ಒತ್ತಿ ತಳ್ಳುವ ಕಂಪ್ರೆಸರಿನ ಸೀಲ್ ಸವೆಯುತ್ತದೆ. ಗ್ಯಾಸಿನ ಜೊತೆ ಆಯಿಲ್ಲೂ ಹೋಗುತ್ತದೆ, ಆಮೇಲೆ ಕಂಪ್ರೆಸರ್ರೇ ಜಾಮ್. ಆಗ ದುಡ್ಡು ಕೊಡುವವರು ನೀವೇ ಅಲ್ವಾ?

‘ಈಗಿನ ಗ್ಯಾಸಿನಿಂದ ಓಝೋನ್‌ಗೆ ಏನೂ ಆಗಲ್ಲ’ ಎಂದೂ ಕೆಲವರು ವಾದ ಮಾಡುತ್ತಾರೆ. ನಿಜ. ಓಝೋನ್ ಹಾಳು ಮಾಡುತ್ತಿದ್ದ ಹಳೇ ಗ್ಯಾಸ್ ಆರ್-12 ಹೋಗಿ ಈಗಿನ ಆರ್-134ಎ ಬಂದಿದ್ದೇ ಅದಕ್ಕೆ. ಆದರೆ ಭೂಮಿ ಬಿಸಿಯಾಗಿಸುವುದರಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ, ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ ಸುಮಾರು 1,400 ಪಟ್ಟು ಜೋರು. ಒಂದು ಕಾರಿನಲ್ಲಿ ಹೆಚ್ಚುಕಮ್ಮಿ ಅರ್ಧ ಕೆಜಿ ಇರುತ್ತದೆ. ಅಷ್ಟನ್ನೂ ಬಿಟ್ಟರೆ 300 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಇಂಥ ಗ್ಯಾಸ್ ಕಡಿಮೆ ಮಾಡುವ 2016ರ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ನಮ್ಮ ದೇಶದ ಕಡಿತ ಶುರುವಾಗುವುದು 2032ರಿಂದ. ಅಲ್ಲಿಯವರೆಗೆ ನಾವೂ ಕಾಯಬಹುದಿತ್ತು. ಕಾಯಲಿಲ್ಲ.

ಮಶೀನ್ ಸಾಲ ಮಾಡಿ ತಂದದ್ದು. ಅದರ ಫಿಲ್ಟರ್, ವ್ಯಾಕ್ಯೂಮ್ ಪಂಪಿನ ಆಯಿಲ್, ಲೀಕ್ ನೋಡುವ ನೈಟ್ರೋಜನ್ ಸಿಲಿಂಡರ್, ಎಲ್ಲಕ್ಕೂ ಕಾಸು ಬೇಕು. ಹೊಸ ಗ್ಯಾಸಿನ ರೇಟು ಏರಿದರೆ ಬೈಗುಳ ಮಾತ್ರ ನಮಗೆ. ಹಾಗಾಗಿ ಇಷ್ಟು ಮಾಡಿದ್ದೇವೆ: ನಿಮ್ಮ ಗಾಡಿಯಿಂದ ತೆಗೆದ ಗ್ಯಾಸನ್ನು ಶುದ್ಧ ಮಾಡಿ ನಿಮಗೇ ಹಾಕುತ್ತೇವೆ, ಅದಕ್ಕೆ ಚಾರ್ಜ್ ಇಲ್ಲ. ಕಮ್ಮಿ ಬಿದ್ದಷ್ಟಕ್ಕೆ ಮಾತ್ರ ದುಡ್ಡು. ಎರಡರ ತೂಕವೂ ಬಿಲ್ಲಿನಲ್ಲಿರುತ್ತದೆ. ರಿಪೇರಿ ನಮ್ಮಲ್ಲೇ ಮಾಡಿಸಿದರೆ ಲೀಕ್ ಚೆಕ್ಕಿನ ಚಾರ್ಜ್ ಕಳೆಯುತ್ತೇವೆ.

ಬೆಂಕಿ ಹತ್ತುವ ಅಗ್ಗದ ಗ್ಯಾಸ್ ಹಾಕಿ ಅಂತ ದಯವಿಟ್ಟು ಕೇಳಬೇಡಿ. ಎಷ್ಟೇ ಹಳೇ ಪರಿಚಯವಿದ್ದರೂ ಹಾಕುವುದಿಲ್ಲ. ಕೆಲವು ಹೊಸ ದುಬಾರಿ ಗಾಡಿಗಳಲ್ಲಿ ಆರ್-1234ವೈಎಫ್ ಎಂಬ ಬೇರೆ ಗ್ಯಾಸ್ ಇರುತ್ತದೆ. ಅದು ನಮ್ಮ ಮಶೀನಿಗೆ ಆಗುವುದಿಲ್ಲ, ಕಂಪನಿ ಸರ್ವಿಸ್‌ಗೇ ಹೋಗಿ. ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಯಾವ ಗ್ಯಾಸ್ ಎಂದು ಬರೆದಿರುತ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಲೀಕ್ ಎಲ್ಲಿದೆ ಎಂದು ಫೋನ್ ಮಾಡಿ ಹೇಳುತ್ತೇವೆ. ಬಿಲ್ ನೋಡಿ ಸಿಟ್ಟು ಬಂದರೆ ಹುಡುಗರ ಮೇಲೆ ರೇಗಬೇಡಿ. ನನ್ನನ್ನೇ ಕರೆಯಿರಿ, ಒಂದೊಂದು ಸಾಲೂ ಕೂತು ವಿವರಿಸುತ್ತೇನೆ.

ನಿಮ್ಮ ಎಸಿ ವರ್ಕ್‌ಶಾಪಿನವರು