ರಾತ್ರಿ ನಡಿಗೆ ಮುಗಿಸಿ ಬಂದೆ, ಕೆಲವರಿಗೆ ಥ್ಯಾಂಕ್ಸ್ ಹೇಳುವುದಿದೆ

ಮೊನ್ನೆ ಭಾನುವಾರ, 2019ರ ಡಿಸೆಂಬರ್ 29ರ ರಾತ್ರಿ 11ರಿಂದ 1 ಗಂಟೆವರೆಗೆ ನಾನು ಕಾಸರಗೋಡು ಪೇಟೆಯಲ್ಲಿ ನಡೆದೆ. ಸಂಗತಿ ಇಷ್ಟೇ. ಆದರೆ ನಮ್ಮ ಮನೆ ಇರುವುದು ಬದಿಯಡ್ಕದಿಂದ ಎಷ್ಟೋ ಒಳಗೆ. ಬಸ್ಸಿಳಿದ ಮೇಲೂ ಅಡಿಕೆ ತೋಟದ ನಡುವೆ ಕಾಲುದಾರಿ. ರಾತ್ರಿ 11ರ ಪೇಟೆಯನ್ನು ಅದುವರೆಗೆ ನಾನು ನೋಡಿದ್ದು ಒಂದೇ ಸಲ, ಅಪ್ಪನನ್ನು ಆಸ್ಪತ್ರೆಗೆ ಒಯ್ಯುವಾಗ, ಜೀಪಿನ ಒಳಗಿಂದ.

ಹೋಗಬೇಕೆಂದು ಹಠ ಹಿಡಿದದ್ದಕ್ಕೆ ಕಾರಣವಿದೆ. 2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸಿನಲ್ಲಿ ಆ ಹುಡುಗಿಗೆ ಹಾಗಾದಾಗ ನಾನು ಎಂಟನೇ ಕ್ಲಾಸು. ಸುದ್ದಿ ಬಂದ ಕೂಡಲೇ ಮನೆಯಲ್ಲಿ ಟಿ.ವಿ. ಬಂದ್ ಮಾಡುತ್ತಿದ್ದರು, ಮರುದಿನದಿಂದ ನನ್ನ ಸಂಜೆಯ ಟ್ಯೂಷನ್ನೂ ಬಂದ್. ಅವಳು ತೀರಿಕೊಂಡದ್ದು ಡಿಸೆಂಬರ್ 29ರಂದು. ಅದೇ ದಿನವನ್ನು ನಿರ್ಭಯ ದಿನವೆಂದು ಹಿಡಿದು ಕೇರಳದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹೆಂಗಸರಿಗೆಂದು ಈ ನಡಿಗೆ ಇಟ್ಟಿತ್ತು. ಹೆಸರು ‘ಪೊದು ಇಡಂ ಎಂಡೇದುಂ’. ಕನ್ನಡದಲ್ಲಿ ಏನಂತೀರಿ ಎಂದು ಗೆಳತಿ ಕೇಳಿದಳು. ‘ಸಾರ್ವಜನಿಕ ಸ್ಥಳ ನನ್ನದೂ’ ಎಂದೆ. ಹೇಳುವಾಗಲೇ ‘ಇಲ್ಲಿ ಉಗುಳಬಾರದು’ ಬೋರ್ಡಿನ ಹಾಗೆ ಕೇಳಿಸಿತು. ಕೊನೆಗೆ ‘ಪೇಟೆ ನಂದೂ ಹೌದು’ ಎಂದು ಮಾಡಿಕೊಂಡೆವು.

ಮೊದಲ ಥ್ಯಾಂಕ್ಸ್ ಅಜ್ಜಿಗೆ, ಜಗಳ ಆಡಿದ್ದಕ್ಕೆ. ಗ್ರಹಣ ಕಳೆದು ಮೂರೇ ದಿನ, ರಾತ್ರಿ ಹೊರಗೆ ಅಲೆಯುವುದಾ ಎಂದು ಶುರು ಮಾಡಿದರು. ಆಮೇಲೆ ಅವರೇ, ‘ನಾವು ಒಣ ತೆಂಗಿನ ಗರಿಯ ಸೂಟೆ ಹೊತ್ತಿಸಿ ಹಿಡಿದು ಬಯಲಾಟಕ್ಕೆ ಹೋಗಿ ಬೆಳಗ್ಗೆ ಬರುತ್ತಿದ್ದೆವು. ಅದಕ್ಕೆ ಸರ್ಕಾರ ಬೇಕಿತ್ತಾ?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, ‘ಅಜ್ಜಿ, ಸೂಟೆ ಹಿಡಿಯುತ್ತಿದ್ದವರು ಯಾರು?’ ‘ನಿನ್ನ ಅಜ್ಜ, ಮತ್ತ್ಯಾರು?’ ಅಂದವರು ನನ್ನ ಮುಖ ನೋಡಿ ಸುಮ್ಮನಾದರು. ಅಮ್ಮ ಅಷ್ಟೂ ಹೊತ್ತು ಬೀಡಿ ಕಟ್ಟುತ್ತಲೇ ಇದ್ದರು, ಒಂದು ಮಾತಿಲ್ಲ. ಮಧ್ಯಾಹ್ನ ಹೊರಡುವಾಗ ಮನೆಯ ಟಾರ್ಚನ್ನು ನನ್ನ ಚೀಲಕ್ಕೆ ತುರುಕಿದರು. ಅದೇ ಒಪ್ಪಿಗೆ.

ಹೆಸರು ಬರೆಸಿದ ಅಂಗನವಾಡಿ ಟೀಚರಿಗೆ, ಪೇಟೆವರೆಗೆ ಜೊತೆಗೆ ಬಂದ ಕುಟುಂಬಶ್ರೀ ಸ್ವಸಹಾಯ ಸಂಘದ ಅಕ್ಕಂದಿರಿಗೆ ಥ್ಯಾಂಕ್ಸ್. ಅವರಿಲ್ಲದಿದ್ದರೆ ಮಲಯಾಳದ ಸೂಚನೆಗಳಲ್ಲಿ ಅರ್ಧವೂ ನನಗೆ ತಿಳಿಯುತ್ತಿರಲಿಲ್ಲ. ನಾನಂತೂ ಬ್ಯಾನರ್, ಘೋಷಣೆ, ಮೆರವಣಿಗೆ ಎಂದುಕೊಂಡೇ ಹೋದವಳು. ಅಲ್ಲಿ ಹೋದರೆ ಗುಂಪೇ ಕೂಡದಂತೆ! ಒಬ್ಬೊಬ್ಬರೇ ನಡೆಯಬೇಕು, ಹೆಚ್ಚೆಂದರೆ ಇಬ್ಬರು ಮೂವರು.

ಹೊಸ ಬಸ್‌ಸ್ಟಾಂಡಿನಿಂದ ಹಳೇ ಬಸ್‌ಸ್ಟಾಂಡಿನ ಕಡೆಗೆ ನಾನು ಒಬ್ಬಳೇ ಹೊರಟೆ. ಅಮಾವಾಸ್ಯೆ ಕಳೆದು ಮೂರನೇ ದಿನ, ಚಂದ್ರ ಆಗಲೇ ಮುಳುಗಿದ್ದ. ಬೀದಿದೀಪ ಬೇಕಾದಷ್ಟಿತ್ತು. ಆದರೂ ನಾನು ಟಾರ್ಚ್ ಹಚ್ಚಿ ಕಾಲಬುಡಕ್ಕೇ ಬಿಡುತ್ತಾ ನಡೆದೆ, ಹಾವು ನೋಡಿಕೊಂಡು ತೋಟದಲ್ಲಿ ನಡೆಯುವ ಹಾಗೆ. ಹಗಲಲ್ಲಿ ಎಷ್ಟು ಸಲ ನಡೆದ ರಸ್ತೆ! ಅಂಗಡಿಗಳ ಶಟರ್ ಎಳೆದಿದ್ದರೆ ಅದು ಇಷ್ಟು ಅಗಲ ಎಂದು ಗೊತ್ತೇ ಇರಲಿಲ್ಲ. ಒಂದು ಬೈಕು ನನ್ನ ಪಕ್ಕ ಬಂದು ನಿಧಾನವಾಯಿತು, ಹಿಂದೆ ಕೂತವ ಏನೋ ಹೇಳಿ ನಕ್ಕ. ಕೈ ತಣ್ಣಗಾಯಿತು. ಟಾರ್ಚನ್ನು ನೆಟ್ಟಗೆ ಅವನ ಮುಖಕ್ಕೇ ಬಿಟ್ಟೆ. ಧೈರ್ಯವೇನಲ್ಲ, ಗಾಬರಿಯಲ್ಲಿ ಕೈ ತಾನಾಗಿ ಎದ್ದದ್ದು. ಬೈಕು ಹೋಯಿತು. ಮುಂದಿನ ತಿರುವಿನಲ್ಲಿ ನಿಂತಿದ್ದ ಮಹಿಳಾ ಪೊಲೀಸ್ ಕನ್ನಡದಲ್ಲೇ ‘ನಂಬರ್ ನೋಡಿದ್ಯಾ?’ ಎಂದು ಕೇಳಿದರು. ನೋಡಿರಲಿಲ್ಲ. ನನ್ನ ಭಾಷೆಯಲ್ಲಿ ಕೇಳಿದ್ದಕ್ಕೇ ಅವರಿಗೆ ಥ್ಯಾಂಕ್ಸ್.

ತಟ್ಟುಕಡೆಯ, ಅಂದರೆ ರಸ್ತೆಬದಿ ತಿಂಡಿಗಾಡಿಯ ಅಣ್ಣ, ಸುಲೈಮಾನಿ ಎಂಬ ಹಾಲಿಲ್ಲದ ಚಹಾ ಕೊಟ್ಟು ಹತ್ತು ರೂಪಾಯಿ ಸರಿಯಾಗಿ ಎಣಿಸಿ ತೆಗೆದುಕೊಂಡರು. ‘ಇಷ್ಟು ಹೊತ್ತಲ್ಲಿ ಎಲ್ಲಿಗೆ?’ ಎಂದು ಕೇಳಲಿಲ್ಲ. ಎಲ್ಲ ಗಿರಾಕಿಗಳ ಹಾಗೆ ನಾನೂ ಒಬ್ಬಳು. ಆ ರಾತ್ರಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು.

ಇಷ್ಟೆಲ್ಲ ಪೊಲೀಸರು, ಟೀಚರ್‌ಗಳು ನಿಂತಿದ್ದರೆ ಯಾರು ಬೇಕಾದರೂ ನಡೆಯುತ್ತಾರೆ ಎಂದು ನಮ್ಮ ಕುಟುಂಬದ ವಾಟ್ಸಾಪಿನಲ್ಲಿ ಒಬ್ಬರು ಮಾವ ಬರೆದಿದ್ದಾರೆ. ಮಾತು ಸುಳ್ಳಲ್ಲ. ಮುಂದಿನ ಭಾನುವಾರ ಅದೇ ಹೊತ್ತಿಗೆ ಅಲ್ಲಿ ಒಬ್ಬಳೇ ಹೋಗುತ್ತೀಯಾ ಎಂದರೆ, ಇಲ್ಲ. ಆದರೆ ಮಾವ, ನೀವು ಹೋಗುವಾಗ ಯಾರೂ ನಿಲ್ಲಬೇಕಾಗಿಲ್ಲವಲ್ಲ.

ಒಂದೂವರೆಗೆ ತಳಂಗರೆಯಲ್ಲಿ ಗೆಳತಿಯ ಮನೆ ತಲುಪಿದಾಗ ಅವಳ ಉಮ್ಮ ಗೇಟಿನ ಹತ್ತಿರವೇ ಕೂತಿದ್ದರು. ಬಿಸಿ ಪತ್ತಿರಿ, ಕೋಳಿ ಸಾರು. ಮಲಯಾಳದಲ್ಲಿ ಏನೇನೋ ಬೈಯುತ್ತಲೇ ಬಡಿಸಿದರು. ಮುಂದಿನ ಸಲ ತಾನೂ ಬರುತ್ತಾರಂತೆ, ಮೊಣಕಾಲು ನೋವು ಕಡಿಮೆಯಾದರೆ. ಉಮ್ಮ, ನಿಮಗೂ ಥ್ಯಾಂಕ್ಸ್.

ಅಮ್ಮಾ, ಟಾರ್ಚು ಅಲ್ಲೇ ಬಿಟ್ಟು ಬಂದಿದ್ದೇನೆ. ಶನಿವಾರ ತರುತ್ತೇನೆ. ಸೆಲ್ ಮಾತ್ರ ಹೊಸದು ಹಾಕಬೇಕು.