ಶನಿವಾರದ ಪಾಠ: ಹಿಮದಡಿಯ ಸರೋವರಗಳು
ಕೊಡಗಿನ ವಿಜ್ಞಾನ ಶಿಕ್ಷಕ ಮಿತ್ರರೇ, ಮಡಿಕೇರಿಯ ಶಿಬಿರಕ್ಕೆ ಬರುವವರು ಡಬ್ಬಿಯಲ್ಲಿ ಕಟ್ಟಿದ ದೊಡ್ಡ ಐಸ್ ಗಡ್ಡೆ, 20 ಮಿ.ಲೀ. ಸಿರಿಂಜ್, ಫ್ಲಾಸ್ಕ್‌ನಲ್ಲಿ ಬಿಸಿನೀರು ತನ್ನಿ.

ಅಂಟಾರ್ಕ್ಟಿಕಾದ ವೊಸ್ಟೋಕ್ ಸರೋವರದ ಮೇಲೆ ಸುಮಾರು 4 ಕಿ.ಮೀ. ಹಿಮ. ಆ ಒತ್ತಡಕ್ಕೆ ಮೈನಸ್ 3 ಡಿಗ್ರಿಯ ಹತ್ತಿರವೂ ನೀರು ನೀರಾಗಿಯೇ ಉಳಿಯುತ್ತದೆ. ಭೂಮಿಯ ಶಾಖವೂ ಕೆಳಗಿನಿಂದ ಸೇರುತ್ತದೆ. ಇಷ್ಟು ಸಾಕು, ಕೊರೆಯುವ ಕೆಲಸಕ್ಕೆ ಹೆಚ್ಚು ಹೊತ್ತು ಕೊಡೋಣ.

ಅಲ್ಲಿಯದೇ ವಿಲ್ಲನ್ಸ್ ಸರೋವರಕ್ಕೆ 2013ರ ಜನವರಿಯಲ್ಲಿ 800 ಮೀಟರ್ ಹಿಮವನ್ನು ಬಿಸಿನೀರಿನಿಂದಲೇ ಕೊರೆದರು. ಆ ನೀರನ್ನು 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಅತಿನೇರಳೆ ಕಿರಣ ಹಾಯಿಸಿದ್ದರು. ಇಲ್ಲದಿದ್ದರೆ ಮೇಲಿನ ಸೂಕ್ಷ್ಮಜೀವಿಯೇ ಸರೋವರದ್ದೆಂದು ಲೆಕ್ಕಕ್ಕೆ ಬಂದುಬಿಡುತ್ತದೆ. ಅಲ್ಲಿಯ ಇನ್ನೊಂದು ಸರೋವರ ಎಲ್ಸ್‌ವರ್ತ್‌ನಲ್ಲಿ 2012ರ ಡಿಸೆಂಬರ್‌ನಲ್ಲಿ ಕೆಲಸ ಕೈಬಿಟ್ಟದ್ದೇಕೆಂದರೆ, ಕೊರೆಯಲು ಬಿಟ್ಟ ನೀರನ್ನು ಮರಳಿ ಎತ್ತಲು 300 ಮೀಟರ್ ಆಳದಲ್ಲಿ ಕರಗಿಸಿದ ಗುಂಡಿಗೆ ಮುಖ್ಯ ರಂಧ್ರ ಸೇರಲೇ ಇಲ್ಲ. ಬಿಸಿನೀರು ಹಿಮಕ್ಕೆ ಇಂಗಿ, ನೀರು ಕಾಯಿಸುವ ಇಂಧನ ಸಾಲದಾಯಿತು. ಈ ಸೋಲನ್ನು ಮಕ್ಕಳಿಗೆ ಹೇಳಲೇಬೇಕು.

ಶಿಬಿರದಲ್ಲಿ ಐಸ್ ಗಡ್ಡೆಯನ್ನೂ ಹೀಗೆಯೇ ಸಿರಿಂಜ್‌ನಿಂದ ಬಿಸಿನೀರು ಬಿಟ್ಟು, ತೂತಿನಲ್ಲಿ ತಣ್ಣಗಾದ ನೀರನ್ನು ಹೀರಿ ತೆಗೆಯುತ್ತಲೇ ಕೊರೆಯಿರಿ. ಆ ನೀರು ನಿಂತರೆ ತೂತು ಅಗಲವಾಗುತ್ತದೆ, ಆಳಕ್ಕೆ ಇಳಿಯದು.